ಬೆರಳು ಬರಲಿಲ್ಲ ಅಂತ ಅತ್ತೆ ಬರಿಗೈಯಲ್ಲಿ ವಾಪಸ್ ಬಂದಳು. ಈ ಕರುಣೆ ಅನ್ನೋದು ಎಲ್ಲಿರಬೇಕು?

ಆಲೆಮನೆ ಹುಡುಗ

ಹೋದ ವಾರ ಊರಿಗೆ ಹೋಗಿದ್ದೆ. ಮದ್ದೂರಿನಿಂದ ಆಚೆ ಒಂದು ಸಣ್ಣ ಹಳ್ಳಿ. ನಮ್ಮ ಹಿಂದಿನ ಕೇರಿಯಲ್ಲಿ ನನ್ನ ಸೋದರತ್ತೆ ಒಬ್ಬಳೇ ಇದ್ದಾಳೆ. 74 ವರ್ಷ. ಮಾವ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಮಕ್ಕಳಿಲ್ಲ. ಅಂತ್ಯೋದಯ ಕಾರ್ಡಿನಲ್ಲಿ ಇರುವುದು ಅವಳದೊಂದೇ ಹೆಸರು.

ಚೀಲ ಹೊರೋಕೆ ಒಬ್ಬರು ಬೇಕು ಅಂತ ನಾನೂ ಅವಳ ಜೊತೆ ಸೊಸೈಟಿಗೆ ಹೋದೆ. (ಬೆಂಗಳೂರಿನವರಿಗೆ: ನಮ್ಮ ಕಡೆ ರೇಷನ್ ಅಂಗಡಿಗೆ ಸೊಸೈಟಿ ಅಂತಲೇ ಹೇಳುವುದು.) ಒಂದೂವರೆ ಗಂಟೆ ಕ್ಯೂ ಆದಮೇಲೆ ಅವಳ ಸರದಿ ಬಂತು. ಹೆಬ್ಬೆಟ್ಟು ಇಟ್ಟಳು. ಮಿಷನ್ ಕೀಂ ಅಂದಿತು. ತೋರುಬೆರಳು ಇಟ್ಟಳು. ಮತ್ತೆ ಕೀಂ. ಹೀಗೇ ಎರಡೂ ಕೈಯ ಹತ್ತೂ ಬೆರಳು ಮುಗಿಯಿತು. ಸೆರಗಿಗೆ ಒರೆಸಿಕೊಂಡು ಇಟ್ಟಳು. ಒಬ್ಬರು ನೀರಲ್ಲಿ ಅದ್ದಿಡು ಅಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆ ಸವರು ಅಂದರು. ಹಿಂದಿನಿಂದ ಒಬ್ಬ ಹುಡುಗ, ‘ಬೇಗ ಕಣಜ್ಜಿ, ನಮಗೂ ಕೆಲಸ ಅದೆ’ ಅಂದ.

ಅತ್ತೆ ‘ತಪ್ಪಾಯ್ತು ಕಣಪ್ಪ’ ಅಂದಳು.

ಆ ಹುಡುಗನಿಗೆ ಅಂದಳೋ, ಅಂಗಡಿಯವನಿಗೋ, ಆ ಮಿಷನ್ನಿಗೋ ಗೊತ್ತಾಗಲಿಲ್ಲ. ಅವಳ ತಪ್ಪೇನಿತ್ತು? ಮೂವತ್ತು ವರ್ಷ ಆಲೆಮನೆಯಲ್ಲಿ ದುಡಿದ ಕೈ ಅದು. ಕಬ್ಬಿನ ಸಿಪ್ಪೆ ಒಣಗಿಸುವುದು, ಒಲೆಗೆ ತುರುಕುವುದು, ಬಿಸಿ ಆರುವ ಮೊದಲೇ ಬೆಲ್ಲವನ್ನು ಅಚ್ಚಿನಿಂದ ಬಿಡಿಸುವುದು. ಬೆರಳ ತುದಿಯಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ನಾನೇ ಹಿಡಿದು ನೋಡಿದೆ. ಸವೆದ ನಾಲ್ಕಾಣೆ ಹಾಗಿದೆ.

‘ನಾಳೆ ಬಾರಮ್ಮ, ಸರ್ವರ್ ಸರಿ ಇದ್ದರೆ ತಗೊಳ್ಳುತ್ತೆ’ ಅಂದರು. ನಾಳೆಯೂ ತಗೊಳ್ಳಲಿಲ್ಲ.

ಅವತ್ತು ರಾತ್ರಿ ಟಿವಿಯಲ್ಲಿ ನಾಲ್ಕು ಜನ ದೇಶದ ಬಗ್ಗೆ ಕಿರುಚಾಡುತ್ತಿದ್ದರು. ಅಪ್ಪ ಸೌಂಡು ಕಡಿಮೆ ಮಾಡಿ, ‘ಇವರಿಗೆ ಯಾರಿಗೂ ಕರುಣೆ ಅನ್ನೋದೇ ಇಲ್ಲ’ ಅಂದರು. ನನಗೆ ಆ ಕ್ಯೂ ನೆನಪಾಯಿತು. ಅಲ್ಲಿ ಯಾರಿಗೆ ಇತ್ತು? ‘ಒಂದು ತಿಂಗಳು ನಮ್ಮ ಪಾಲಿಂದ ಕೊಡೋಣ’ ಅಂತ ನನಗೂ ಆ ಕ್ಷಣ ಹೊಳೆಯಲಿಲ್ಲ. ಫೋನ್ ತೆಗೆದು ದೂರು ಕೊಡುವ ನಂಬರ್ ಹುಡುಕುತ್ತಾ ನಿಂತಿದ್ದೆ. ನಿಮ್ಮ ಕಡೆ ಹೇಗೆ? ಸುಮ್ನೆ ಬೈಯುವುದಕ್ಕೆ ಕೇಳುತ್ತಿಲ್ಲ, ನಿಜವಾಗಲೂ ಕೇಳುತ್ತಿದ್ದೇನೆ.

ನೇರಮಾತು

ನಿಮ್ಮ ಅತ್ತೆಯ ವಿಷಯಕ್ಕೆ ಬೇಜಾರಾಯಿತು. ಆದರೆ ಒಂದು ಮಾತು. ಮಿಷನ್ ಬರುವ ಮುಂಚೆ ಏನಿತ್ತು ಅಂತ ಮರೆಯಬೇಡಿ. ನಮ್ಮೂರಲ್ಲಿ ಹತ್ತು ಎಕರೆ ತೋಟ ಇದ್ದವರ ಮನೆಯಲ್ಲಿ ಮೂರು ಬಿಪಿಎಲ್ ಕಾರ್ಡ್ ಇತ್ತು. ಸತ್ತವರ ಹೆಸರಲ್ಲಿ ಸೀಮೆಎಣ್ಣೆ ಹೋಗುತ್ತಿತ್ತು. ಕರುಣೆ ಅಂತ ಬಾಗಿಲು ತೆಗೆದಿಟ್ಟರೆ ಒಳಗೆ ಬರುವುದು ಹೆಗ್ಗಣ.

ಇನ್ನೊಂದು. ಒಬ್ಬರೇ ಇರುವ ಮನೆಗೆ ಅಂತ್ಯೋದಯದ 35 ಕೆಜಿ ಯಾಕೆ? ತಿಂಗಳಿಗೆ ಅಷ್ಟು ಯಾರು ತಿನ್ನುತ್ತಾರೆ? ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಕಷ್ಟಪಟ್ಟು ದುಡಿದು ತೆರಿಗೆ ಕಟ್ಟುವವರ ಮೇಲೆ ಯಾರಿಗೂ ಕರುಣೆ ಬರುವುದಿಲ್ಲ, ಅಲ್ವಾ?

ಆಲೆಮನೆ ಹುಡುಗ

ನೇರಮಾತು ಅವರೇ, ನೇರವಾಗಿಯೇ ಹೇಳುತ್ತೇನೆ. ಹೌದು, ಅತ್ತೆ ಅಕ್ಕಿ ಮಾರುತ್ತಾಳೆ. ಹತ್ತು ಕೆಜಿ, ಕೆಲವು ತಿಂಗಳು ಹದಿನೈದು. ಮಾರಬಾರದು ಅಂತ ಕಾನೂನು ಇರುವುದೂ ಗೊತ್ತು. ಆ ದುಡ್ಡಲ್ಲಿ ಬಿಪಿ ಮಾತ್ರೆ, ಎಲೆ ಅಡಿಕೆ, ಗ್ಯಾಸಿಗೆ ಸ್ವಲ್ಪ. ಸಂಧ್ಯಾ ಸುರಕ್ಷಾ 1200 ಬರುತ್ತದೆ. ಗೃಹಲಕ್ಷ್ಮಿ ಬಂದಾಗ ಬರುತ್ತದೆ. ಅಂತ್ಯೋದಯ ಶುರುವಾಗಿದ್ದು 2000ದ ಡಿಸೆಂಬರಿನಲ್ಲಿ, ಬಡವರಲ್ಲೇ ತೀರಾ ಬಡವರಿಗೆ ಅಂತ. ತಲೆ ಎಣಿಸಿ ಕೊಡುವ ಲೆಕ್ಕ ಅಲ್ಲ ಅದು, ಮನೆಗೆ ಇಷ್ಟು ಅಂತ. ಅದನ್ನು ಅತ್ತೆ ಕೂತು ಬರೆದದ್ದಲ್ಲವಲ್ಲ.

ನೀವು ಕೇಳಿದ್ದಕ್ಕೆ ಬೇಜಾರಿಲ್ಲ. ಆದರೆ ಹತ್ತು ಕೆಜಿ ಅಕ್ಕಿ ಮಾರಿದ್ದಕ್ಕೆ ನಾನು ಇಷ್ಟು ವಿವರಣೆ ಕೊಡಬೇಕಾಯಿತು ನೋಡಿ. ನನ್ನ ಆಫೀಸಿನಲ್ಲಿ ವರ್ಷ ವರ್ಷ ಸುಳ್ಳು ಬಾಡಿಗೆ ರಸೀದಿ ಕೊಟ್ಟು ತೆರಿಗೆ ಉಳಿಸುತ್ತಾರೆ. ಒಬ್ಬರಾದರೂ ‘ತಪ್ಪಾಯ್ತು’ ಅಂದದ್ದು ಕೇಳಿಲ್ಲ. ಕ್ಯಾಂಟೀನಲ್ಲಿ ಜೋಕ್ ಮಾಡಿಕೊಂಡು ನಗುತ್ತಾರೆ.

ಕಡಲತಡಿ

ನಾನು ಉತ್ತರ ಕನ್ನಡದವಳು. ಈ ವಿಷಯ ಬಂದಾಗಲೆಲ್ಲ ನನಗೆ 2017ರ ಜುಲೈ ನೆನಪಾಗುತ್ತದೆ. ಗೋಕರ್ಣದ ಒಂದು ದಲಿತ ಕುಟುಂಬದಲ್ಲಿ ಎರಡೇ ವಾರದೊಳಗೆ ಮೂವರು ಅಣ್ಣತಮ್ಮಂದಿರು ತೀರಿಕೊಂಡರು. ಆಧಾರ್ ಜೋಡಿಸಿಲ್ಲ ಅಂತ ರೇಷನ್ ನಿಂತು, ಹೊಟ್ಟೆಗಿಲ್ಲದೆ ಹೋದರು ಅಂತ ಸತ್ಯಶೋಧನೆಗೆ ಹೋದವರು ಬರೆದರು. ಅಧಿಕಾರಿಗಳು ಹಸಿವು ಅಲ್ಲ, ಕುಡಿತ ಅಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್ಡೇಗಾದಲ್ಲಿ 11 ವರ್ಷದ ಹುಡುಗಿ. ಅನ್ನ ಅನ್ನ ಅಂತ ಕೇಳುತ್ತಲೇ ಹೋದಳು ಅಂತ ತಾಯಿ. ಮಲೇರಿಯಾ ಅಂತ ಸರ್ಕಾರ.

ಎರಡು ಕಡೆಯೂ ವಾದ ನಡೆದದ್ದು ಸಾವಿನ ಕಾರಣದ ಮೇಲೆ. ಕಾರ್ಡ್ ಯಾಕೆ ರದ್ದಾಯಿತು ಅನ್ನುವುದು ಹಿಂದೆ ಬಿತ್ತು. ಕಾಯಿಲೆಯೇ ಅಂತ ಇಟ್ಟುಕೊಳ್ಳಿ. ಕಾಯಿಲೆ ಬಿದ್ದವರ ಮನೆಯಲ್ಲಿ ಅಕ್ಕಿ ಇರಬೇಡವೇ?

ಅದಾದ ಮೇಲೆ 2017ರ ಅಕ್ಟೋಬರ್ 24ಕ್ಕೆ ಕೇಂದ್ರದ ಆಹಾರ ಇಲಾಖೆ ಸುತ್ತೋಲೆ ಹೊರಡಿಸಿತು. ಆಧಾರ್ ಇಲ್ಲ ಅಂತ, ಬೆರಳು ಹೊಂದಲಿಲ್ಲ ಅಂತ, ನೆಟ್‌ವರ್ಕ್ ಇಲ್ಲ ಅಂತ ಅರ್ಹರಿಗೆ ರೇಷನ್ ನಿರಾಕರಿಸಬಾರದು. ಹಾಗೆ ಕೊಟ್ಟದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಅಂದರೆ ನಿಮ್ಮ ಅತ್ತೆಗೆ ಅವತ್ತು ಅಕ್ಕಿ ಕೊಡುವುದಕ್ಕೆ ಯಾರ ಕರುಣೆಯೂ ಬೇಕಿರಲಿಲ್ಲ. ಆ ಕಾಗದವನ್ನು ಓದಿದವರು ಒಬ್ಬರು ಅಲ್ಲಿ ಇದ್ದಿದ್ದರೆ ಸಾಕಿತ್ತು.

ಸೊಸೈಟಿಯವನು

ಎಲ್ಲರೂ ಅಂಗಡಿಯವನ ಕಡೆ ಬೆರಳು ತೋರಿಸುವ ಮುಂಚೆ ನನ್ನದೂ ಕೇಳಿ. ಹನ್ನೊಂದು ವರ್ಷದಿಂದ ನ್ಯಾಯಬೆಲೆ ಅಂಗಡಿ ನಡೆಸುತ್ತಿದ್ದೇನೆ. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ.

ಮಿಷನ್ನಿನಲ್ಲಿ ಬಿಲ್ ಆಗದ ಒಂದು ಕೆಜಿ ನನ್ನ ಸ್ಟಾಕಿನಲ್ಲಿ ಕಡಿಮೆ ಬಂದರೂ ನಾನು ಕಳ್ಳ. ಸುತ್ತೋಲೆ ಅಂದರಲ್ಲ ಮೇಡಂ, ಅದು ಇದೆ. ಬೆರಳು ಬರದವರಿಗೆ ವಿನಾಯಿತಿ ಪಟ್ಟಿಯೂ ಇದೆ. ಅದಕ್ಕೆ ಹೆಸರು ಸೇರಿಸುವುದು ನನ್ನ ಕೈಯಲ್ಲಿಲ್ಲ. ಮೇಲಿನವರಿಗೆ ಬರೆಯಬೇಕು. ನಾನು ಎಂಟು ಜನರ ಹೆಸರು ಬರೆದು ಕೊಟ್ಟರೆ ‘ಏನಯ್ಯ, ಇಷ್ಟೊಂದು ಜನಕ್ಕೆ ಬೆರಳು ಇಲ್ಲವಾ? ನೀನೇ ಅಕ್ಕಿ ಹೊಡೆಯೋಕೆ ಪ್ಲಾನ್ ಮಾಡಿದ್ದೀಯಾ?’ ಅನ್ನುತ್ತಾರೆ. ಅವರ ತಪ್ಪೂ ಪೂರ್ತಿ ಅಲ್ಲ. ಅವರ ಮೇಲೆ ಇನ್ನೊಬ್ಬರು ಕೂತಿದ್ದಾರೆ, ಅವರಿಗೆ ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಬೆರಳು ಬಂದಿದೆ ಅಂತ ತೋರಿಸಬೇಕು.

ಹಾಗಾಗಿ ಎಲ್ಲರೂ ಮಾಡುವುದು ಒಂದೇ. ‘ನಾಳೆ ಬನ್ನಿ.’ ನಾನೂ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಅವರ ಮುಖ ನೋಡುವುದಿಲ್ಲ. ಮುಂದಿನ ಕಾರ್ಡ್ ಕೇಳಿಬಿಡುತ್ತೇನೆ. ನೋಡಿದರೆ ಕೊಟ್ಟುಬಿಡುತ್ತೇನೆ ಅಂತ ಗೊತ್ತು.

ಕೆಲವರಿಗೆ ಕೊಟ್ಟಿದ್ದೇನೆ ಕೂಡ, ನನ್ನ ಕಮಿಷನ್ನಿನಲ್ಲಿ ಮುರಿದುಕೊಂಡು. ಅದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಎಲ್ಲರಿಗೂ ಹಾಗೆ ಕೊಟ್ಟರೆ ನನ್ನ ಮನೆ ಒಲೆ ಉರಿಯುವುದಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಕೂತು ಆರಿಸುವುದು ಇದೆಯಲ್ಲ, ಅದು ಬಲು ಕೆಟ್ಟ ಕೆಲಸ.

ಆಲೆಮನೆ ಹುಡುಗ, ನಿಮ್ಮ ಅತ್ತೆಯ ಕಾರ್ಡಿಗೆ ಮೊಬೈಲ್ ನಂಬರ್ ಸೇರಿಸಿದ್ದೀರಾ? ಓಟಿಪಿಯಲ್ಲಿ ಆಗಬಹುದು. ಕಣ್ಣಿನ ಸ್ಕ್ಯಾನ್ ಇರುವ ಕಡೆ ಅದನ್ನೂ ಕೇಳಿ. ವಯಸ್ಸು 80 ಆಗಿದ್ದರೆ ‘ಅನ್ನ ಸುವಿಧಾ’ ಅಂತ ಮನೆಗೇ ತಂದುಕೊಡುವ ಯೋಜನೆ 2024-25ರ ಬಜೆಟ್ಟಿನಲ್ಲಿ ಬಂತು. ಆಮೇಲೆ ವಯಸ್ಸು ಇಳಿಸಿದ್ದಾರೆ ಅಂತಾರೆ, ವಿಚಾರಿಸಿ.

ನಿವೃತ್ತ ಮೇಷ್ಟ್ರು

ಸೊಸೈಟಿಯವರ ಮಾತು ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ‘ನೋಡಿದರೆ ಕೊಟ್ಟುಬಿಡುತ್ತೇನೆ’ ಅಂದಿರಲ್ಲ.

ನಾನು ಪಿಂಚಣಿದಾರ. ಪ್ರತಿ ನವೆಂಬರಿಗೆ ಬ್ಯಾಂಕಿಗೆ ‘ಬದುಕಿದ್ದೇನೆ’ ಅಂತ ಪ್ರಮಾಣ ಕೊಡಬೇಕು. ನಾನು ಖುದ್ದಾಗಿ ಎದುರು ನಿಂತು ಮಾತಾಡುತ್ತಿದ್ದರೂ ‘ಸರ್ಟಿಫಿಕೇಟ್ ಬಂದಿಲ್ಲ ಸಾರ್’ ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ನಗು ಬರುತ್ತದೆ. ಈಚೆಗೆ ಮೊಮ್ಮಗಳು ಮೊಬೈಲಿನಲ್ಲಿ ಮುಖ ತೋರಿಸಿ ಮಾಡಿಬಿಡುತ್ತಾಳೆ. ಕಣ್ಣು ಮಿಟುಕಿಸು ತಾತ ಅನ್ನುತ್ತಾಳೆ. ಮಿಟುಕಿಸಿದರೆ ಬದುಕಿದ್ದೇನೆ ಅಂತ ಲೆಕ್ಕ.

ಆದರೆ ನನ್ನದು ಏನು ಕಷ್ಟ ಹೇಳಿ? ನನಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ. ಬೇಳೆ ಬೆಲೆ ಏರಿದರೆ ನನ್ನ ಹೊಟ್ಟೆಗೆ ತೊಂದರೆ ಆಗಬಾರದು ಅಂತ ಸರ್ಕಾರವೇ ಯೋಚನೆ ಮಾಡಿದೆ. ಬಡ ಮುದುಕರಿಗೆ ಕೇಂದ್ರ ಸರ್ಕಾರ ಕೊಡುವ ವೃದ್ಧಾಪ್ಯ ವೇತನದ ಪಾಲು ಎಷ್ಟು ಗೊತ್ತೇ? 80 ವರ್ಷದ ಒಳಗಿನವರಿಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ 200. ಇವತ್ತೂ 200. ಉಳಿದದ್ದು ಆಯಾ ರಾಜ್ಯ ಸೇರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2007ರಿಂದ ಈಚೆಗೆ ದೆಹಲಿಯಲ್ಲಿ ಯುಪಿಎ ಇತ್ತು, ಎನ್‌ಡಿಎ ಇದೆ. ಇಬ್ಬರೂ ಬಡವರ ಬಗ್ಗೆ ತುಂಬ ಚೆನ್ನಾಗಿ ಮಾತಾಡಿದರು. 200 ಮಾತ್ರ ಅಲ್ಲೇ ಕೂತಿದೆ.

ದೇಶದ ರಾಜಕೀಯದಲ್ಲಿ ಕರುಣೆ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ ಭಾಷಣ ಕೇಳಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಯಾರ ಪಾಲು ತಾನಾಗಿಯೇ ಏರುತ್ತದೆ, ಯಾರು ಪ್ರತಿ ಸಲ ಬೇಡಬೇಕು, ಅಷ್ಟು ನೋಡಿದರೆ ಸಾಕು.

ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆಸಿದ್ದಾರೆ. ದೇವರ ಹತ್ತಿರ ಹೋದರೂ ಕ್ಯೂ ಇರುತ್ತದೆ, ಸ್ಪೆಷಲ್ ದರ್ಶನವೂ ಇರುತ್ತದೆ. ಆ ಲೆಕ್ಕಕ್ಕೆ ಸರಿಯಾಗಿಯೇ ಬರೆಸಿದ್ದಾರೆ!

ಬಯಲುಸೀಮೆ

ಮೇಷ್ಟ್ರೇ 😄

ವಿಷಯ ಸ್ವಲ್ಪ ಬೇರೆ ಕಡೆ ತಿರುಗಿಸುತ್ತೇನೆ, ಕ್ಷಮಿಸಿ. ಮೊದಲು ರಾಜಕಾರಣಿಗಳ ನಡುವೆಯಾದರೂ ಒಂದಿಷ್ಟು ಮನುಷ್ಯತ್ವ ಇತ್ತು. ವಾಜಪೇಯಿಯವರಿಗೆ ಕಿಡ್ನಿ ತೊಂದರೆ ಇದ್ದಾಗ ಪ್ರಧಾನಿ ರಾಜೀವ್ ಗಾಂಧಿ ಅವರನ್ನು ವಿಶ್ವಸಂಸ್ಥೆಗೆ ಹೋಗುವ ನಿಯೋಗಕ್ಕೆ ಸೇರಿಸಿ, ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಬನ್ನಿ ಅಂತ ಕಳಿಸಿದ್ದರು. ರಾಜೀವ್ ಇದನ್ನು ಎಲ್ಲೂ ಹೇಳಿಕೊಳ್ಳಲಿಲ್ಲ. 1991ರಲ್ಲಿ ರಾಜೀವ್ ಹತ್ಯೆ ಆದಮೇಲೆ, ಇವತ್ತು ನಾನು ಬದುಕಿರುವುದು ಅವರಿಂದ ಅಂತ ವಾಜಪೇಯಿಯವರೇ ಹೇಳಿದರು. ವಿರೋಧ ಪಕ್ಷದವರು ಇವರು! ಈಗ ಒಂದೇ ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಫೋಟೋ ಹಾಕಿ ಟ್ರೋಲ್ ಮಾಡುತ್ತಾರೆ.

ನಮ್ಮ ಮನೆಯಲ್ಲೂ ಅಷ್ಟೇ. ಫ್ಯಾಮಿಲಿ ಗ್ರೂಪಿನಲ್ಲಿ ಚುನಾವಣೆ ಟೈಮಿಗೆ ನಾನೂ ಚಿಕ್ಕಪ್ಪನೂ ಜಗಳ ಆಡಿ ಎರಡು ವರ್ಷ ಮಾತು ಬಿಟ್ಟಿದ್ದೆವು. ಅವರಿಗೆ ಹಾರ್ಟ್ ಆಪರೇಷನ್ ಆದದ್ದು ನನಗೆ ಮೂರನೆಯವರಿಂದ ಗೊತ್ತಾಯಿತು.

ಸೈಟ್ ಇಂಜಿನಿಯರ್

ಬಯಲುಸೀಮೆ, ಆ ಕಥೆ ನನಗೂ ಇಷ್ಟ. ಆದರೆ ಅದು ದೊಡ್ಡವರು ದೊಡ್ಡವರಿಗೆ ತೋರಿಸಿದ ಕರುಣೆ. ಒಬ್ಬರಿಗೊಬ್ಬರು ಗೊತ್ತು, ಕಾಯಿಲೆ ಗೊತ್ತು, ಹೆಸರು ಗೊತ್ತು. ಹೆಸರೇ ಗೊತ್ತಿಲ್ಲದವರಿಗೆ ಏನು ಮಾಡುತ್ತಾರೆ ಅನ್ನುವುದು ಬೇರೆ.

2020ರ ಮಾರ್ಚ್ 24ಕ್ಕೆ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ದೇಶ ಬಂದ್ ಮಾಡಿದರು. ನಾಲ್ಕೇ ಗಂಟೆ ಟೈಮು. ಆಗ ನಾನು ಬೆಂಗಳೂರಿನ ಹೊರಗೆ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿದ್ದೆ. ನಮ್ಮ ಶೆಡ್ಡುಗಳಲ್ಲಿ ಬಿಹಾರ, ಒಡಿಶಾ, ಬಂಗಾಳದ 140 ಜನ. ಮೊದಲ ವಾರ ಅಕ್ಕಿ ಬೇಳೆ ಕೊಟ್ಟೆವು. ಎರಡನೇ ವಾರ ಕಂಪನಿಯ ಫೋನ್ ಕಡಿಮೆಯಾಯಿತು. ಮೂರನೇ ವಾರಕ್ಕೆ ‘ಅವರನ್ನು ಹೇಗಾದರೂ ಅಲ್ಲೇ ಇರಿಸಿಕೊಳ್ಳಿ, ಹೋದರೆ ಮತ್ತೆ ಬರುವುದಿಲ್ಲ’ ಅಂತ ಮಾತ್ರ ಹೇಳುತ್ತಿದ್ದರು.

ಮೇ 1ರಿಂದ ವಲಸೆ ಕಾರ್ಮಿಕರನ್ನು ಊರಿಗೆ ಕಳಿಸುವ ಶ್ರಮಿಕ್ ರೈಲು ಬಿಟ್ಟರು. ನಮ್ಮ ಹುಡುಗರು ಹೆಸರು ಬರೆಸಿ ಬ್ಯಾಗ್ ಕಟ್ಟಿಕೊಂಡು ಕೂತಿದ್ದರು. ಮೇ 5ಕ್ಕೆ ಬಿಲ್ಡರುಗಳ ಜೊತೆ ಮುಖ್ಯಮಂತ್ರಿಯ ಮೀಟಿಂಗ್ ಆಯಿತು. ನಾಳೆಯಿಂದ ರೈಲು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಕೆಲಸ ಶುರುವಾಗುತ್ತಿದೆ, ಇವರೆಲ್ಲ ಹೋಗಿಬಿಟ್ಟರೆ ಕಟ್ಟುವವರು ಯಾರು ಅಂತ. ದೇಶವೆಲ್ಲ ಬೈದ ಮೇಲೆ ಎರಡು ಮೂರು ದಿನಕ್ಕೆ ಮತ್ತೆ ಬಿಟ್ಟರು.

ಆ ಸುದ್ದಿಯನ್ನು ಶೆಡ್ಡಿಗೆ ಹೋಗಿ ಹೇಳಬೇಕಾದವನು ನಾನು. ನನ್ನ ಹಿಂದಿ ಅಷ್ಟಕ್ಕಷ್ಟೆ. ‘ಟ್ರೇನ್ ಕ್ಯಾನ್ಸಲ್’ ಅಂದೆ. ಒಬ್ಬ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ, ಕಟ್ಟಿದ್ದ ಬ್ಯಾಗಿನಿಂದ ತಟ್ಟೆ ಲೋಟ ಈಚೆ ತೆಗೆದ. ಇನ್ನೊಂದು ದಿನ ಊಟ ಮಾಡಬೇಕಲ್ಲ. ಏನೂ ಕೇಳಲಿಲ್ಲ, ಬೈಯಲಿಲ್ಲ. ಅವತ್ತು ರಾತ್ರಿಯೇ ಹನ್ನೊಂದು ಜನ ನಡೆದುಕೊಂಡು ಹೊರಟುಬಿಟ್ಟರು. ಗೇಟಿನಲ್ಲಿ ತಡೆಯಬೇಕು ಅಂತ ನನಗೆ ಹೇಳಿದ್ದರು. ನಾನು ಶೌಚಕ್ಕೆ ಹೋದ ಹಾಗೆ ಮಾಡಿ ಆ ಕಡೆ ಹೋದೆ. ನನ್ನ ಕೈಲಿ ಆದದ್ದು ಅಷ್ಟೇ.

ಅದೇ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದರು. ಊರಿಗೆ ವಾಪಸ್ ಹೋದವರು ಒಂದು ಕೋಟಿಗೂ ಜಾಸ್ತಿ ಅಂತ ಸರ್ಕಾರ ಲೆಕ್ಕ ಕೊಟ್ಟಿತು. ದಾರಿಯಲ್ಲಿ ಸತ್ತವರೆಷ್ಟು ಅಂದರೆ ಅಂಥ ಮಾಹಿತಿ ಇಟ್ಟಿಲ್ಲ ಅಂದಿತು. ಬೆರಳಿನ ಗೆರೆಯನ್ನೂ ಲೆಕ್ಕ ಇಡುವ ಸರ್ಕಾರ ಇದು.

ನೇರಮಾತು

ಎಲ್ಲ ಸರಿ, ಆದರೆ ಚರ್ಚೆ ಒಂದೇ ಕಡೆ ವಾಲುತ್ತಿದೆ. ಇವತ್ತಿನ ರಾಜಕೀಯದಲ್ಲಿ ಕರುಣೆ ಕಡಿಮೆ ಅನ್ನುತ್ತೀರಾ? ನನಗೆ ಕಾಣುವುದು ಜಾಸ್ತಿಯಾಗಿರುವುದು. ಎಲ್ಲರೂ ಹಂಚುವವರೇ. ಇಲ್ಲಿ ಗ್ಯಾರಂಟಿ, ಹೆಂಗಸರಿಗೆ ತಿಂಗಳು ತಿಂಗಳು ದುಡ್ಡು ಹಾಕುವುದಕ್ಕೆ ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ, ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹೀಣ್. 2022ರಲ್ಲಿ ಪ್ರಧಾನಿ ‘ರೇವಡಿ’ (ಎಳ್ಳಿನ ಮಿಠಾಯಿ, ಅಂದರೆ ವೋಟಿಗಾಗಿ ಬಿಟ್ಟಿ) ಹಂಚುವ ಸಂಸ್ಕೃತಿ ದೇಶಕ್ಕೆ ಅಪಾಯ ಅಂದರು, ಅವರ ಪಕ್ಷವೂ ಈಗ ಅದನ್ನೇ ಮಾಡುತ್ತಿದೆ. ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡುವುದು ಕರುಣೆಯಾ?

ಕೆಂಪುಬಸ್ಸು

ನಾನು ಕಂಡಕ್ಟರ್. ಹೆಂಗಸು. ಯಾವ ಡಿಪೋ ಅಂತ ಕೇಳಬೇಡಿ.

‘ಬಿಟ್ಟಿ’ ಅನ್ನುವ ಮಾತು ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೆ ಅಂತ ನನಗೆ ಗೊತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಬಸ್ಸಲ್ಲಿ ಒಂದು ಸೀಟಿಗೆ ಜಗಳ ಆದರೆ ಮೊದಲು ಬರುವ ಮಾತೇ ಅದು. ದುಡ್ಡು ಕೊಟ್ಟ ಗಂಡಸು ನಿಂತಿದ್ದರೆ ಕೂತ ಹೆಂಗಸಿಗೆ ಅನ್ನುತ್ತಾರೆ. ಕೆಲವು ಸಲ ನನ್ನ ಜೊತೆ ಕೆಲಸ ಮಾಡುವವರೇ ಅನ್ನುತ್ತಾರೆ. ಬಸ್ ತುಂಬಿ ಉಸಿರು ಕಟ್ಟಿದಾಗ ನನ್ನ ಬಾಯಲ್ಲೂ ಒಂದೆರಡು ಸಲ ಬಂದಿದೆ. ಸುಳ್ಳು ಯಾಕೆ ಹೇಳಲಿ.

ಸೋಮಾರಿ ಅಂದಿರಿ. ಬೆಳಿಗ್ಗೆ ಆರೂಕಾಲಿನ ನನ್ನ ಟ್ರಿಪ್ಪಿಗೆ ಬನ್ನಿ ಸಾರ್. ಗಾರ್ಮೆಂಟ್ಸಿಗೆ ಹೋಗುವವರು, ಮನೆಕೆಲಸಕ್ಕೆ ಹೋಗುವವರು, ಆಸ್ಪತ್ರೆಯಲ್ಲಿ ನೆಲ ಒರೆಸುವವರು. ಕಂಬಿ ಹಿಡಿದು ನಿಂತೇ ನಿದ್ದೆ ಮಾಡುತ್ತಾರೆ. ಒಬ್ಬಾಕೆ ಮೊದಲು ಮೂರು ಕಿಲೋಮೀಟರ್ ನಡೆದು ಹೋಗುತ್ತಿದ್ದಳು, ಬಸ್ಸಿನ ದುಡ್ಡು ಉಳಿಯಲಿ ಅಂತ. ಈಗ ಬಸ್ಸಲ್ಲಿ ಬರುತ್ತಾಳೆ. ಉಳಿದ ಟೈಮಿನಲ್ಲಿ ಏನು ಮಾಡುತ್ತೀಯ ಅಂತ ಕೇಳಿದೆ. ‘ಮಗಳಿಗೆ ಜಡೆ ಹಾಕಿ ಬರ್ತೀನಿ ಮೇಡಂ’ ಅಂದಳು.

ತೊಂದರೆಯೂ ಇದೆ. ಬಸ್ಸು ಸಾಲದು, ಜನ ಜಾಸ್ತಿ. ಸ್ಕೂಲ್ ಮಕ್ಕಳು ಫುಟ್‌ಬೋರ್ಡಿನಲ್ಲಿ. ನಿಗಮಕ್ಕೆ ಸರ್ಕಾರದ ದುಡ್ಡು ಸರಿಯಾಗಿ ಬರಬೇಕು. ಅದನ್ನು ಮಾತಾಡಿ, ನಾನೂ ಜೊತೆಗೆ ಬರುತ್ತೇನೆ. ಆದರೆ ಆ ಸಿಟ್ಟನ್ನು ಮೂರನೇ ಸೀಟಿನಲ್ಲಿ ಕೂತ ಅಜ್ಜಿಯ ಮೇಲೆ ತೀರಿಸಿಕೊಳ್ಳಬೇಡಿ.

ಬಯಲುಸೀಮೆ

ನೇರಮಾತು, ತೆರಿಗೆ ಕಟ್ಟುವವರು ಅಂದರೆ ಯಾರು ಅನ್ನುವುದೂ ಒಂದು ಪ್ರಶ್ನೆ. ಅಜ್ಜಿ ಕೊಳ್ಳುವ ಪೇಸ್ಟಿನಲ್ಲಿ, ಚಪ್ಪಲಿಯಲ್ಲಿ ಜಿಎಸ್‌ಟಿ ಇಲ್ಲವೇ? 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು 30ರಿಂದ 22 ಪರ್ಸೆಂಟಿಗೆ ಇಳಿಸಿದರಲ್ಲ, ಅದಕ್ಕೆ ‘ಉತ್ತೇಜನ’ ಅಂದರು. ಅತ್ತೆಗೆ ಅಕ್ಕಿ ಕೊಟ್ಟರೆ ‘ಬಿಟ್ಟಿ’. ಇಳಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅದರ ಅರ್ಥಶಾಸ್ತ್ರ ನನಗೆ ತಿಳಿಯದು. ಕಂಪನಿಯವರನ್ನು ಯಾರೂ ಹತ್ತು ಬೆರಳು ಇಡಿಸಿ ಕ್ಯೂ ಮುಂದೆ ನಿಲ್ಲಿಸಲಿಲ್ಲ, ಅಷ್ಟೇ.

ಕಡಲತಡಿ

2024ರ ನವೆಂಬರ್ ನೆನಪಿದೆಯಾ? ನಮ್ಮ ರಾಜ್ಯದಲ್ಲೇ ಬಿಪಿಎಲ್ ಕಾರ್ಡುಗಳನ್ನು ಒಟ್ಟೊಟ್ಟಿಗೆ ರದ್ದು ಮಾಡಿದರು, ಅನರ್ಹರು ಅಂತ. ಕೂಲಿ ಮಾಡುವವರದ್ದೂ ಹೋಯಿತು. ಗಲಾಟೆ ಆದಮೇಲೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಅಂದರು. ಇದನ್ನು ಮಾಡಿದ್ದು ಗ್ಯಾರಂಟಿ ಕೊಟ್ಟ ಸರ್ಕಾರವೇ. ಹಾಗಾಗಿ ಪಕ್ಷದ ಲೆಕ್ಕದಲ್ಲಿ ಇದು ಬಗೆಹರಿಯುವುದಿಲ್ಲ.

ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಕೇಸ್ ಹಾಕಿದವರು ಯಾರು ಗೊತ್ತಲ್ಲ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ನೇ ವಯಸ್ಸಿನಲ್ಲಿ. 2018ರ ಸೆಪ್ಟೆಂಬರ್ 26ಕ್ಕೆ ಸುಪ್ರೀಂ ಕೋರ್ಟ್ 4:1ರಲ್ಲಿ ಆಧಾರ್ ಎತ್ತಿಹಿಡಿಯಿತು. ರೇಷನ್, ಪಿಂಚಣಿಗೆ ಕೇಳಬಹುದು ಅಂತಾಯಿತು. ಬೆರಳು ಹೊಂದಲಿಲ್ಲ ಅಂತ ಅರ್ಹರನ್ನು ಹೊರಗಿಡಬಾರದು ಅನ್ನುವ ಮಾತೂ ಅದರಲ್ಲಿದೆ. ಆ ಮಾತು ದೆಹಲಿಯಿಂದ ಮದ್ದೂರಿಗೆ ಬರುವ ದಾರಿಯಲ್ಲಿ ಎಲ್ಲೋ ಇಳಿದುಕೊಂಡಿದೆ.

ನೇರಮಾತು

ಎಲ್ಲರೂ ಸೇರಿ ನನ್ನನ್ನೇ ಕ್ಯೂ ಮುಂದೆ ನಿಲ್ಲಿಸಿಬಿಟ್ಟಿರಿ. ಇರಲಿ.

ಮಿಷನ್ ಬೇಕು ಅನ್ನುವ ಮಾತನ್ನು ನಾನು ವಾಪಸ್ ತಗೊಳ್ಳುವುದಿಲ್ಲ. ನಾನು ಕಂಡ ಕಳ್ಳತನ ಕಂಡದ್ದೇ. ಆದರೆ ಮಿಷನ್ ಸೋತಾಗ ನಷ್ಟ ಯಾರ ತಲೆಗೆ ಬರಬೇಕು? ಈಗ ಬರುತ್ತಿರುವುದು ಅತ್ತೆಯ ತಲೆಗೆ. ಸೊಸೈಟಿಯವರು ಹೇಳಿದ ಹಾಗೆ ಸ್ವಲ್ಪ ಅವರ ತಲೆಗೂ. ಮಿಷನ್ ಇಡಿಸಿದವರ ತಲೆಗೆ ಬರುತ್ತಲೇ ಇಲ್ಲ. ಅದು ಸರಿಯಿಲ್ಲ, ಒಪ್ಪುತ್ತೇನೆ. ಬೆರಳು ಬರಲಿಲ್ಲ ಅಂದರೆ ಅವತ್ತು ಅಕ್ಕಿ ಕೊಟ್ಟು ಕಳಿಸಿ, ಆಮೇಲೆ ಇಲಾಖೆಯವರು ಮನೆಗೆ ಬಂದು ಪರೀಕ್ಷೆ ಮಾಡಿಕೊಳ್ಳಲಿ. ಕಾಲು ಅವರದ್ದು ಗಟ್ಟಿ ಇದೆ.

35 ಕೆಜಿ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಬೇರೆಯೇ. ಅದನ್ನು ಇನ್ನೊಂದು ದಿನ ಜಗಳ ಆಡೋಣ.

ಸೊಸೈಟಿಯವನು

‘ಅವತ್ತು ಕೊಟ್ಟು ಕಳಿಸಿ, ಆಮೇಲೆ ಪರೀಕ್ಷೆ ಮಾಡಿ.’ ಇದನ್ನು ಯಾರಾದರೂ ಮಿಷನ್ನಿನಲ್ಲೇ ಒಂದು ಬಟನ್ ಮಾಡಿ ಕೊಟ್ಟರೆ ನಾನು ಆ ಬಟನ್ನಿಗೆ ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತೇನೆ.

ನಿವೃತ್ತ ಮೇಷ್ಟ್ರು

ಬಯಲುಸೀಮೆಯವರೇ, ಚಿಕ್ಕಪ್ಪನ ಜೊತೆ ಮಾತಾಡಿದಿರಾ?

ಬಯಲುಸೀಮೆ

ಭಾನುವಾರ ಹೋಗಿದ್ದೆ ಮೇಷ್ಟ್ರೇ. ಏನು ಮಾತಾಡುವುದು ಅಂತ ಇಬ್ಬರಿಗೂ ತಿಳಿಯಲಿಲ್ಲ. ಕ್ರಿಕೆಟ್ ಹಾಕಿದರು. ಚಿಕ್ಕಮ್ಮ ಉಪ್ಪಿಟ್ಟು ಕೊಟ್ಟರು. ಬರುವಾಗ ‘ಬಿಸಿಲಲ್ಲಿ ಬೈಕಲ್ಲಿ ಬರಬೇಡ’ ಅಂದರು. ರಾತ್ರಿ ಗ್ರೂಪಿನಲ್ಲಿ ಮತ್ತೆ ಅದೇ ಥರದ ಫಾರ್ವರ್ಡ್ ಹಾಕಿದ್ದಾರೆ. ಈ ಸಲ ನಾನು ನೋಡಿ ಬಿಟ್ಟೆ.

ಆಲೆಮನೆ ಹುಡುಗ

ತುಂಬಾ ಜನ ಮೆಸೇಜ್ ಮಾಡಿ ಅತ್ತೆ ಬಗ್ಗೆ ಕೇಳಿದ್ದೀರಿ. ಹೊಸ ಸುದ್ದಿ ಇದೆ.

ಓಟಿಪಿ ಆಗಲಿಲ್ಲ. ಆಧಾರ್‌ಗೆ ಸೇರಿಸಿದ್ದ ನಂಬರ್ ಮಾವನ ಕಾಲದ್ದಲ್ಲ, ಯಾವುದೋ ಪಕ್ಕದ ಮನೆ ಹುಡುಗನದ್ದು. ಅವನು ಈಗ ಗುಜರಾತಿನಲ್ಲಿದ್ದಾನೆ, ನಂಬರೂ ಬದಲಾಗಿದೆ. ಕಣ್ಣಿನ ಸ್ಕ್ಯಾನಿಗೆ ಹೋದೆವು. ಎರಡು ಕಣ್ಣಲ್ಲೂ ಪೊರೆ ಇದೆ, ಅದಕ್ಕೆ ಸರಿಯಾಗಿ ಹಿಡಿಯುತ್ತಿಲ್ಲ ಅಂದರು. ವಯಸ್ಸಿನ ರಿಯಾಯಿತಿಗೂ 74 ಸಾಲದು. ಕೊನೆಗೆ ಕಡಲತಡಿಯವರು ಹೇಳಿದ ಸುತ್ತೋಲೆ ಹುಡುಕಿ ಪ್ರಿಂಟ್ ತೆಗೆದು ಅರ್ಜಿ ಜೊತೆ ಇಟ್ಟೆ. ಅಲ್ಲಿದ್ದ ಅಧಿಕಾರಿ ಓದಿದರು. ಅತ್ತೆಯ ಕೈ ತಾವೇ ಹಿಡಿದು ನೋಡಿದರು. ‘ಈ ತಿಂಗಳು ಸೇರಿಸಲು ಬರೆಯುತ್ತೇನೆ, ಬಾಕಿ ಅಕ್ಕಿ ಬಗ್ಗೆ ಭರವಸೆ ಕೊಡಲ್ಲ’ ಅಂದರು. ಹೆಸರು ಇನ್ನೂ ಪಟ್ಟಿಗೆ ಬಂದಿಲ್ಲ. ಸದ್ಯಕ್ಕೆ ಅವಳ ಊಟ ನಮ್ಮ ಮನೆಯಲ್ಲಿ. ಅದಕ್ಕೂ ಸಂಕೋಚ ಅವಳಿಗೆ. ತಟ್ಟೆ ತಾನೇ ತೊಳೆದಿಟ್ಟು ಹೋಗುತ್ತಾಳೆ.

ನೆನ್ನೆ ಕಣ್ಣು ತೋರಿಸುವುದಕ್ಕೆ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಕೆಂಪು ಬಸ್ಸು. ಹೆಂಗಸೊಬ್ಬರು ಕಂಡಕ್ಟರ್ (ನಮ್ಮ ಕೆಂಪುಬಸ್ಸು ಅವರೇ ಇರಬಹುದೇನೋ!). ‘ಆಧಾರ್ ತೋರಿಸಮ್ಮ’ ಅಂದರು. ಅತ್ತೆ ಪ್ಲಾಸ್ಟಿಕ್ ಕವರಿನಿಂದ ಕಾರ್ಡ್ ತೆಗೆದು ಕೊಟ್ಟಳು. ಕೊಟ್ಟು, ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಕಂಡಕ್ಟರ್ ಹಿಡಿದಿದ್ದ ಟಿಕೆಟ್ ಮಿಷನ್ನಿನ ಮುಂದೆ ಹೆಬ್ಬೆಟ್ಟು ಚಾಚಿದಳು.

ಕಂಡಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಟಿಕೆಟನ್ನು ಅಂಗೈಯಲ್ಲಿಟ್ಟು ಮಡಚಿದರು.

‘ಅದೆಲ್ಲ ಬೇಡ ಕಣವ್ವ. ಕಿಟಕಿ ಕಡೆ ಕೂತ್ಕೊ.’